ಮೂಳೆಯಲ್ಲಿ ಗಡ್ಡೆ, ಬೆನ್ನುಹುರಿಯಲ್ಲಿ ನೋವಿನ ಬಿಡಾರ

ಹುಳುಕು ಹಲ್ಲಿಗೆ ತುಂಬುವ ಬೆಳ್ಳಿ-ಪಾದರಸದ ಮಿಶ್ರಣಕ್ಕೆ ದಂತವೈದ್ಯರು ಅಮಾಲ್ಗಮ್ ಎನ್ನುತ್ತಾರೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮ್ಯಾಂಟಿ ಮತ್ತು ಸಂಗಡಿಗರು ಅದೇ ಅಮಾಲ್ಗಮನ್ನು ಚಿಟ್ಟಿಲಿಯ ತೊಡೆಮೂಳೆಗೆ ತುಂಬಿದರು. ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು, ಮಜ್ಜೆಯೊಳಕ್ಕೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟು, ಅವು ಹೊರಗೆ ಸೋರದ ಹಾಗೆ ಬಾಯಿ ಮುಚ್ಚಲು ಅವರಿಗೊಂದು ಬಿರಡೆ ಬೇಕಿತ್ತು. ಅದಕ್ಕಿಂತ ಮೊದಲು ಮೂಳೆ ಕ್ಯಾನ್ಸರಿನ ನೋವನ್ನು ಪ್ರಯೋಗಾಲಯದಲ್ಲಿ ಹಂತಹಂತವಾಗಿ ನೋಡುವುದು ಕಷ್ಟವಾಗಿತ್ತು. ಕೋಶಗಳು ಸುತ್ತಲಿನ ಸ್ನಾಯುವಿಗೆ ಹರಡಿಕೊಂಡರೆ, ಕಾಣುತ್ತಿರುವ ನೋವು ಮೂಳೆಯದೋ ಮಾಂಸಖಂಡದ್ದೋ ಎಂದು ಹೇಳುವ ಹಾಗಿರಲಿಲ್ಲ. ಬಿರಡೆ ಆ ತೊಡಕನ್ನು ಕಳೆಯಿತು.

ಮೂರು ವಾರಗಳ ಹೊತ್ತಿಗೆ ಮೂಳೆ ಒಳಗಿನಿಂದಲೇ ಸವೆದು ಹೋಗಿತ್ತು. ಮೆಲ್ಲಗೆ ಕೈಯಾಡಿಸಿದರೂ ಪ್ರಾಣಿ ನೋವಿನಿಂದ ಕಾಲು ಹಿಂದಕ್ಕೆಳೆದುಕೊಳ್ಳುತ್ತಿತ್ತು. ಇಷ್ಟು ಎಲ್ಲರೂ ನಿರೀಕ್ಷಿಸಿದ್ದೇ. ಹೆಚ್ಚು ಕುತೂಹಲದ ಸಂಗತಿ ಕಂಡದ್ದು ಗಡ್ಡೆಯಿಂದ ದೂರದಲ್ಲಿ, ಬೆನ್ನುಹುರಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ. ಆ ತೊಡೆಯ ನರಗಳು ಬಂದು ಸೇರುವ ಮಟ್ಟದಲ್ಲಿ, ಅದೂ ಗಡ್ಡೆಯಿದ್ದ ಬದಿಯಲ್ಲಿ ಮಾತ್ರ, ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳು ಊದಿಕೊಂಡು, ಕವಲು ಚಾಚಿ, ದಟ್ಟವಾಗಿ ಹಬ್ಬಿದ್ದವು. ಎದುರು ಬದಿ ಎಂದಿನಂತೆಯೇ ಇತ್ತು. ನರಕೋಶಗಳು ಸತ್ತಿರಲಿಲ್ಲ. ಕ್ಯಾನ್ಸರ್ ಅಲ್ಲಿಗೆ ಹರಡಿರಲೂ ಇಲ್ಲ. ಆದರೂ ಬೆನ್ನುಹುರಿ ಮೊದಲಿನಂತೆ ಉಳಿದಿರಲಿಲ್ಲ.

1999ರಲ್ಲಿ ಪ್ರಕಟವಾದ ಈ ಕೆಲಸದಿಂದ ಹೊರಟ ದಾರಿ ಇವತ್ತಿಗೂ ಮುಂದುವರಿದಿದೆ. ಮೂಳೆಯ ಕ್ಯಾನ್ಸರಿನಲ್ಲಿ ಗಡ್ಡೆಗೆ ಒಂದು ಮನೆ, ನೋವಿಗೆ ಎರಡು ಮನೆ. ಗಡ್ಡೆ ಮೂಳೆಯಲ್ಲಿರುತ್ತದೆ. ನೋವು ಮಾತ್ರ ಬೆನ್ನುಹುರಿಯಲ್ಲೂ ಬಿಡಾರ ಹೂಡುತ್ತದೆ. ರೋಗಿ ಪಡುವ ಯಾತನೆ ಎಕ್ಸ್‌-ರೇಯಲ್ಲಿ ಕಾಣುವ ಗಡ್ಡೆಯ ಗಾತ್ರಕ್ಕೆ ಯಾಕೆ ತಾಳೆಯಾಗುವುದಿಲ್ಲ ಎಂಬುದಕ್ಕೆ ಉತ್ತರದ ಒಂದು ಪಾಲು ಅಲ್ಲಿದೆ.

ಮೂಳೆಯ ಕ್ಯಾನ್ಸರ್ ಎಂದಾಗ ನೆನಪಿಡಬೇಕಾದ ಮಾತೊಂದಿದೆ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪ. ಹೆಚ್ಚಿನವು ಬೇರೆ ಕಡೆ ಹುಟ್ಟಿ ಮೂಳೆಗೆ ಬಂದು ನೆಲೆಯೂರಿದವು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರುಗಳಿಗೆ ಮೂಳೆಯೆಂದರೆ ವಿಶೇಷ ಒಲವು. ಮಜ್ಜೆಯಲ್ಲೇ ಹುಟ್ಟುವ ಮಲ್ಟಿಪಲ್ ಮೈಲೋಮಾ ಕೂಡ ಮೂಳೆಯನ್ನು ತೂತು ತೂತು ಮಾಡುತ್ತದೆ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ತಿರುವಿ ಹಾಕಿ, ಕ್ಯಾನ್ಸರ್ ದೇಹದಲ್ಲಿ ಮನಬಂದಂತೆ ಹರಡುವುದಿಲ್ಲ ಎಂದು ತೋರಿಸಿದ. ಕ್ಯಾನ್ಸರ್ ಕೋಶ ಬೀಜವಾದರೆ ಅಂಗಗಳು ನೆಲ, ಎಲ್ಲ ಬೀಜವೂ ಎಲ್ಲ ನೆಲದಲ್ಲಿ ಮೊಳೆಯುವುದಿಲ್ಲ ಎಂಬುದು ಅವನ ವಾದ. ಮೂಳೆ ಫಲವತ್ತಾದ ನೆಲ.

ಈ ನೋವನ್ನು ರೋಗಿಗಳು ಎರಡು ಬಗೆಯಲ್ಲಿ ಹೇಳುತ್ತಾರೆ. ಒಂದು, ಹಗಲು ರಾತ್ರಿ ಬಿಡದೆ ಕೊರೆಯುವ ನೋವು. ರಾತ್ರಿ ಅದು ಹೆಚ್ಚು. ಇನ್ನೊಂದು, ಮಗ್ಗುಲು ಬದಲಿಸಿದಾಗ, ಕೆಮ್ಮಿದಾಗ, ಮಂಚದಿಂದ ಕಾಲು ಕೆಳಗಿಟ್ಟಾಗ ಚೂರಿ ಹಾಕಿದಂತೆ ಬಂದು ಹೋಗುವ ನೋವು. ಎರಡನೆಯದು ಬರುವುದು ನಿಮಿಷಗಳಲ್ಲಿ, ಕೆಲವೊಮ್ಮೆ ಕ್ಷಣದಲ್ಲಿ. ಮಾತ್ರೆ ನುಂಗಿ ಅದು ಕೆಲಸ ಶುರು ಮಾಡುವಷ್ಟರಲ್ಲಿ ನೋವು ತನ್ನ ಕೆಲಸ ಮುಗಿಸಿರುತ್ತದೆ. ಹಾಗಾಗಿ ರೋಗಿ ಅಲುಗಾಡುವುದನ್ನೇ ಬಿಡುತ್ತಾರೆ. ಮನೆಯವರು ಸೀರೆ ಸರಿಪಡಿಸಲು, ಬೆನ್ನು ಒರೆಸಲು ಹತ್ತಿರ ಹೋದರೂ ಮುಖದಲ್ಲಿ ಭಯ ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ಸಾಕು ಎನ್ನುವಷ್ಟು ನೋವು ಎಂದರೆ ಅದು ಬರೀ ಮಾತಲ್ಲ. ನರವ್ಯವಸ್ಥೆಯಲ್ಲಿ ನಿಜಕ್ಕೂ ಹಾಗೆ ಆಗಿರುತ್ತದೆ.

ನೋವು ಶುರುವಾಗುವ ಜಾಗದಿಂದಲೇ ನೋಡೋಣ. ಮೂಳೆ ಕಲ್ಲಿನಂತೆ ಜಡವಲ್ಲ. ಅದರ ಹೊರಗಿನ ತೆಳುಪೊರೆಯಲ್ಲಿ ನರತಂತುಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಮಜ್ಜೆಯಲ್ಲೂ ಇರುತ್ತವೆ, ಗಟ್ಟಿ ಭಾಗದಲ್ಲೂ ವಿರಳವಾಗಿ ಇರುತ್ತವೆ. ಮೂಳೆಯನ್ನು ದಿನವೂ ಸ್ವಲ್ಪ ಕೆಡವಿ ಸ್ವಲ್ಪ ಕಟ್ಟುವ ಕೆಲಸ ನಡೆದೇ ಇರುತ್ತದೆ. ಕೆಡವುವ ಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಎಂದು ಹೆಸರು. ಅದು ಮೂಳೆಗೆ ಅಂಟಿಕೊಂಡು ಆಮ್ಲ ಸುರಿಸಿ ಸುಣ್ಣದಂಶವನ್ನು ಕರಗಿಸುತ್ತದೆ. ಕ್ಯಾನ್ಸರ್ ಕೋಶಗಳಿಗೆ ತಾವಾಗಿ ಮೂಳೆ ಕೊರೆಯುವ ಶಕ್ತಿ ಕಡಿಮೆ. ಅವು ರ‍್ಯಾಂಕ್‌-ಎಲ್ ಎಂಬ ಸಂಕೇತದ ಮೂಲಕ ಆಸ್ಟಿಯೋಕ್ಲಾಸ್ಟುಗಳನ್ನು ಹುರಿದುಂಬಿಸಿ ಕೆಲಸ ಮಾಡಿಸಿಕೊಳ್ಳುತ್ತವೆ. ಮೂಳೆ ಕರಗಿದಂತೆ ಅದರಲ್ಲಿ ಅಡಗಿದ್ದ ಬೆಳವಣಿಗೆಯ ಅಂಶಗಳು ಹೊರಬಿದ್ದು ಕ್ಯಾನ್ಸರಿಗೇ ಗೊಬ್ಬರವಾಗುತ್ತವೆ. ಮೂಳೆ ಕರಗಿದಷ್ಟೂ ಗಡ್ಡೆ ಬೆಳೆಯುತ್ತದೆ, ಗಡ್ಡೆ ಬೆಳೆದಷ್ಟೂ ಮೂಳೆ ಕರಗುತ್ತದೆ.

ಆ ಆಮ್ಲವೇ ನೋವಿನ ಮೊದಲ ಕಿಡಿ. ನೋವಿನ ನರತಂತುಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಪುಟ್ಟ ಬಾಗಿಲು ಇರುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಇದನ್ನು ಪತ್ತೆ ಹಚ್ಚಿದ್ದು ಮೆಣಸಿನಕಾಯಿಯ ಖಾರದ ಸಾರವಾದ ಕ್ಯಾಪ್ಸೈಸಿನ್ ಹಿಡಿದುಕೊಂಡು ಹೊರಟು. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆತದ್ದು ಈ ಕೆಲಸಕ್ಕೆ. ಖಾರಕ್ಕೆ ತೆರೆಯುವ ಬಾಗಿಲು ಸುಡುವ ಶಾಖಕ್ಕೂ ತೆರೆಯುತ್ತದೆ, ಆಮ್ಲಕ್ಕೂ ತೆರೆಯುತ್ತದೆ. ಹಸಿ ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಕಣ್ಣಿಗೆ ತಾಗಿಸಿಕೊಂಡವರಿಗೆ ಅದು ತೆರೆದರೆ ಏನಾಗುತ್ತದೆಂದು ಗೊತ್ತು. ಮೂಳೆಯೊಳಗೆ ಆ ಬಾಗಿಲು ದಿನಗಟ್ಟಲೆ ಮತ್ತೆ ಮತ್ತೆ ತೆರೆಯುತ್ತಲೇ ಇರುತ್ತದೆ.

ಅದರ ಜೊತೆಗೆ ಉರಿಯೂತ. ಗಡ್ಡೆ ಎಂದು ಕರೆಯುವ ಮುದ್ದೆಯಲ್ಲಿ ಇರುವುದು ಕ್ಯಾನ್ಸರ್ ಕೋಶಗಳಷ್ಟೇ ಅಲ್ಲ. ಅದರ ದೊಡ್ಡ ಭಾಗ ದೇಹದ ರಕ್ಷಣಾ ಕೋಶಗಳು, ಅಂದರೆ ಗಾಯವಾದಾಗ ಓಡಿ ಬರುವ ಅದೇ ಪಡೆ. ಅವು ಪ್ರೋಸ್ಟಾಗ್ಲಾಂಡಿನ್, ಟಿಎನ್‌ಎಫ್, ಇಂಟರ್‌ಲ್ಯೂಕಿನ್‌ಗಳಂಥ ರಾಸಾಯನಿಕಗಳನ್ನು ಸುರಿಸುತ್ತವೆ. ಗಾಯ ಮಾಯಬೇಕೆಂದು ಅವು ಬಂದದ್ದು ನಿಜ, ಆದರೆ ಇಲ್ಲಿ ಗಾಯ ಮಾಯುವುದೇ ಇಲ್ಲ. ನರತಂತುಗಳ ಹೊಸ್ತಿಲು ಕೆಳಗಿಳಿಯುತ್ತ ಹೋಗುತ್ತದೆ. ಹಿಂದೆ ಜೋರಾಗಿ ಗುದ್ದಿದರೆ ಮಾತ್ರ ಎಚ್ಚರಗೊಳ್ಳುತ್ತಿದ್ದ ತಂತು ಈಗ ಹಾಸಿಗೆಯ ಮಡಿಕೆಗೂ ಎಚ್ಚರಗೊಳ್ಳುತ್ತದೆ.

ರೀಟಾ ಲೇವಿ-ಮೊಂಟಾಲ್ಚೀನಿ ಕಂಡುಹಿಡಿದು, ಸ್ಟ್ಯಾನ್ಲಿ ಕೋಹೆನ್ ಜೊತೆ 1986ರಲ್ಲಿ ನೊಬೆಲ್ ಪಡೆದ ನರ ಬೆಳವಣಿಗೆಯ ಅಂಶವೂ ಇದೇ ಜಾಗದಲ್ಲಿ ಬಂದು ಸೇರುತ್ತದೆ. ಭ್ರೂಣದಲ್ಲಿ ನರಗಳನ್ನು ಬೆಳೆಸುವುದು ಅದರ ಒಳ್ಳೆಯ ಕೆಲಸ. ಮ್ಯಾಂಟಿ ಅವರ ತಂಡ ಪ್ರಾಸ್ಟೇಟ್ ಕ್ಯಾನ್ಸರ್ ಕೋಶ ಬಿಟ್ಟ ಮೂಳೆಗಳಲ್ಲಿ ಕಂಡದ್ದು ಅದರ ಇನ್ನೊಂದು ಮುಖವನ್ನು. ನೋವಿನ ತಂತುಗಳು ಅಲ್ಲಿ ಹುಚ್ಚಾಪಟ್ಟೆ ಕವಲೊಡೆದು, ಗಂಟುಗಂಟಾಗಿ, ಗಡ್ಡೆಯೊಳಕ್ಕೇ ಬೆಳೆದಿದ್ದವು. ನೋವನ್ನು ಸಾಗಿಸುವ ತಂತಿಗಳ ಸಂಖ್ಯೆಯೇ ಹೆಚ್ಚಿತ್ತು.

ಈ ಎಲ್ಲ ಸುದ್ದಿಯೂ ಹೋಗಿ ತಲುಪುವುದು ಬೆನ್ನುಹುರಿಗೆ. ಅಡ್ಡಲಾಗಿ ಕತ್ತರಿಸಿದ ಬೆನ್ನುಹುರಿಯ ನಡುವೆ ಬೂದುಬಣ್ಣದ ಚಿಟ್ಟೆಯೊಂದು ರೆಕ್ಕೆ ಬಿಚ್ಚಿದಂತೆ ಕಾಣುತ್ತದೆ. ಬೆನ್ನಿನ ಕಡೆಗಿರುವ ರೆಕ್ಕೆಗಳ ತುದಿಯಲ್ಲಿ ನೋವಿನ ತಂತುಗಳು ಬಂದಿಳಿಯುತ್ತವೆ. ಅಲ್ಲಿಂದ ಮುಂದಿನ ನರಕೋಶ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಬಹುಕಾಲ ಈ ಜಾಗವನ್ನು ಬರೀ ಟಪಾಲು ಬದಲಿಸುವ ಕಟ್ಟೆ ಎಂದು ತಿಳಿಯಲಾಗಿತ್ತು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅದು ಕಟ್ಟೆಯಲ್ಲ, ಬಾಗಿಲು ಎಂದರು. ಒಳಗೆ ಬಿಡಬೇಕಾದ ನೋವೆಷ್ಟು, ತಡೆಯಬೇಕಾದದ್ದೆಷ್ಟು ಎಂದು ಅಲ್ಲಿಯೇ ತೀರ್ಮಾನವಾಗುತ್ತದೆ. ಮಂಡಿಗೆ ಪೆಟ್ಟು ಬಿದ್ದಾಗ ಉಜ್ಜಿಕೊಂಡರೆ ಹಿತವೆನಿಸುವುದು ಇದರಿಂದಲೇ. 1983ರಲ್ಲಿ ಲಂಡನ್ನಿನಲ್ಲಿ ಕ್ಲಿಫರ್ಡ್ ವುಲ್ಫ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ನೋವಿನ ಸಂಕೇತ ಬಂದೂ ಬಂದೂ ಬೆನ್ನುಹುರಿಯ ಕೋಶಗಳೇ ಅತಿ ಚುರುಕಾಗುತ್ತವೆ, ಆಮೇಲೆ ಸಣ್ಣ ಸ್ಪರ್ಶವನ್ನೂ ಅವು ನೋವೆಂದೇ ಓದುತ್ತವೆ ಎಂದು ತೋರಿಸಿದರು. ಈ ಬದಲಾವಣೆಯ ಕೀಲಿ ಇರುವುದು ನರಕೋಶದ ಮೇಲ್ಮೈಯಲ್ಲಿ ಸಂಕೇತ ಹಿಡಿಯುವ ಎನ್‌ಎಂಡಿಎ ಗ್ರಾಹಕದಲ್ಲಿ. ಸಾಮಾನ್ಯ ದಿನಗಳಲ್ಲಿ ಅದರ ಬಾಯಿಗೆ ಮೆಗ್ನೀಸಿಯಮ್ ಬಿರಡೆ ಇರುತ್ತದೆ. ಬಲವಾದ ಸಂಕೇತಗಳು ಒಂದರ ಹಿಂದೊಂದು ಬಂದಾಗ ಆ ಬಿರಡೆ ಕಳಚಿ, ಕ್ಯಾಲ್ಸಿಯಮ್ ಒಳನುಗ್ಗಿ, ಕೋಶದ ಸ್ವಭಾವವೇ ಬದಲಾಗುತ್ತದೆ.

ಇದಿಷ್ಟೂ ನರಕೋಶಗಳ ಕಥೆ. ಬಹುಕಾಲ ನೋವಿನ ವಿಜ್ಞಾನವೆಂದರೆ ನರಕೋಶಗಳದೇ ಕಥೆಯಾಗಿತ್ತು. ಅವುಗಳ ನಡುವೆ ತುಂಬಿಕೊಂಡಿದ್ದ ಇತರ ಕೋಶಗಳಿಗೆ ಜರ್ಮನಿಯ ರುಡಾಲ್ಫ್ ವಿರ್ಖೋವ್ 1850ರ ದಶಕದಲ್ಲಿ ಗ್ಲಿಯಾ ಎಂದು ಹೆಸರಿಟ್ಟಿದ್ದ. ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಇಟ್ಟಿಗೆಗಳ ನಡುವಿನ ಗಾರೆ ಇದ್ದ ಹಾಗೆ. ಆ ಹೆಸರು ಅವುಗಳಿಗೆ ಮಾಡಿದ ಅನ್ಯಾಯ ಸಣ್ಣದಲ್ಲ. ಗಾರೆಯನ್ನು ಯಾರು ಪ್ರಶ್ನೆ ಕೇಳುತ್ತಾರೆ? 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ-ಒರ್ತೇಗಾ ಬೆಳ್ಳಿಯ ಲವಣದ ಬಣ್ಣ ಹಾಕಿ ಈ ಗುಂಪಿನೊಳಗೇ ಇನ್ನೊಂದು ಪುಟ್ಟ ಜಾತಿಯನ್ನು ಬೇರ್ಪಡಿಸಿ ಮೈಕ್ರೋಗ್ಲಿಯಾ ಎಂದು ಕರೆದ. ಅವು ನರವ್ಯವಸ್ಥೆಯೊಳಗಿನ ಕಾವಲುಗಾರರು. ಎಲ್ಲಿ ಹಾನಿಯಾದರೂ ಅತ್ತ ಕವಲು ಚಾಚುತ್ತವೆ, ಸತ್ತ ಕೋಶವನ್ನು ನುಂಗುತ್ತವೆ.

ನಕ್ಷತ್ರದ ಆಕಾರದ ಆಸ್ಟ್ರೋಸೈಟುಗಳದು ಮನೆವಾರ್ತೆ. ಇಲಿಯ ಮೆದುಳಿನಲ್ಲಿ ಒಂದೇ ಆಸ್ಟ್ರೋಸೈಟ್ ಲಕ್ಷದಷ್ಟು ನರಸಂಧಿಗಳನ್ನು ತನ್ನ ಕವಲುಗಳಿಂದ ತಬ್ಬಿಕೊಂಡಿರುತ್ತದೆ ಎಂಬ ಅಂದಾಜಿದೆ. ನರಕೋಶಗಳು ಮಾತಾಡಿಕೊಳ್ಳಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು, ಮಾತು ಮುಗಿದ ಕೂಡಲೇ ಅವು ಹೀರಿ ತೆಗೆಯುತ್ತವೆ. ಊಟವಾದ ಮೇಲೆ ಎಲೆ ಎತ್ತಿ ಪಂಕ್ತಿ ಗುಡಿಸಿದಂಥ ಕೆಲಸ ಅದು. ಗುಡಿಸದಿದ್ದರೆ ಮುಂದಿನ ಪಂಕ್ತಿ ಕೂರುವಂತಿಲ್ಲ. ಗಡ್ಡೆಯಿಂದ ಬರುವ ನಿರಂತರ ಸಂಕೇತದ ಹೊಡೆತಕ್ಕೆ ಸಿಕ್ಕ ಆಸ್ಟ್ರೋಸೈಟ್ ಊದಿಕೊಂಡು ಈ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಗ್ಲುಟಮೇಟ್ ಸಂಧಿಯಲ್ಲೇ ನಿಲ್ಲುತ್ತದೆ. ನರಕೋಶ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತದೆ. ಸಾಲದೆಂಬಂತೆ ಆಸ್ಟ್ರೋಸೈಟುಗಳು ತಾವೇ ಉರಿಯೂತದ ರಾಸಾಯನಿಕಗಳನ್ನು ಸ್ರವಿಸಲು ತೊಡಗುತ್ತವೆ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಯ ಮೊಣಕಾಲಿನ ಕೆಳಗಿನ ಮೂಳೆಗೆ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಬಿಟ್ಟು ನೋಡಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಬೆನ್ನುಹುರಿಯ ಗ್ಲಿಯಾ ಕೋಶಗಳು ಕೆರಳಿದ್ದವು, ಅಲ್ಲಿ ಇಂಟರ್‌ಲ್ಯೂಕಿನ್‌-1 ಬೀಟಾ ಎಂಬ ಉರಿಯೂತದ ದೂತ ಹೆಚ್ಚಿತ್ತು. ಆ ದೂತ ನರಕೋಶದ ಎನ್‌ಎಂಡಿಎ ಗ್ರಾಹಕವನ್ನು ಇನ್ನಷ್ಟು ಸಡಿಲಿಸುತ್ತಿತ್ತು. ಬೆನ್ನುಹುರಿಯ ದ್ರವಕ್ಕೆ ಇಂಟರ್‌ಲ್ಯೂಕಿನ್‌-1ನ್ನು ತಡೆಯುವ ಔಷಧ ಕೊಟ್ಟಾಗ ಇಲಿಗಳ ನೋವು ತಗ್ಗಿತು. ಗಮನಿಸಬೇಕಾದದ್ದು ಇಲ್ಲಿ. ಔಷಧ ಸೇರಿದ್ದು ಬೆನ್ನುಹುರಿಯನ್ನು, ಮೂಳೆಯನ್ನಲ್ಲ. ಗಡ್ಡೆ ಇದ್ದಲ್ಲೇ ಇದ್ದು ನೋವು ತಗ್ಗಿತ್ತು.

ಮೈಕ್ರೋಗ್ಲಿಯಾ ಹೇಗೆ ಕೆಡುತ್ತವೆಂಬುದು ತಿಳಿದದ್ದು ಹೆಚ್ಚಾಗಿ ನರಕ್ಕೆ ಪೆಟ್ಟಾದ ಪ್ರಾಣಿಗಳಿಂದ. 2003ರಲ್ಲಿ ಜಪಾನಿನ ಮಕೊಟೊ ತ್ಸುದಾ, ಕಜುಹಿದೆ ಇನೌಎ ಮತ್ತು ಅವರ ಜೊತೆಗಾರರು, ಮೈಕ್ರೋಗ್ಲಿಯಾದ ಮೇಲಿರುವ ಪಿ2ಎಕ್ಸ್4 ಎಂಬ ಗ್ರಾಹಕವನ್ನು ಮುಚ್ಚಿದರೆ ಸ್ಪರ್ಶದಿಂದ ಏಳುವ ನೋವು ಅಡಗುತ್ತದೆ ಎಂದು ತೋರಿಸಿದರು. ಎರಡು ವರ್ಷಗಳ ಬಳಿಕ ಕೆನಡಾದ ತಂಡವೊಂದು ಅದರ ಮುಂದಿನ ಕೊಂಡಿಯನ್ನು ಹುಡುಕಿತು. ಕೆರಳಿದ ಮೈಕ್ರೋಗ್ಲಿಯಾ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಬಿಡುತ್ತದೆ. ಅದು ತಾಗಿದ ನರಕೋಶದಲ್ಲಿ ಕ್ಲೋರೈಡ್ ಅಂಶ ಏರುಪೇರಾಗುತ್ತದೆ. ಆಗ ನೋವನ್ನು ಅದುಮಿ ಹಿಡಿಯಬೇಕಾದ ಸಂಕೇತದ ಹಿಡಿತ ಸಡಿಲವಾಗುತ್ತದೆ, ಕೆಲವು ಕೋಶಗಳಲ್ಲಿ ಅದು ನೋವನ್ನು ಎಬ್ಬಿಸುವ ಸಂಕೇತವೇ ಆಗಿಬಿಡುತ್ತದೆ. ಬ್ರೇಕ್ ತುಳಿದರೆ ಬಂಡಿ ಇನ್ನಷ್ಟು ವೇಗವಾಗಿ ಓಡಿದಂತೆ.

ಮೂಳೆ ಕ್ಯಾನ್ಸರಿನಲ್ಲೂ ಮೈಕ್ರೋಗ್ಲಿಯಾ ಇಷ್ಟೇ ಪಾಲುದಾರರೇ ಎಂದರೆ, ಪ್ರಯೋಗಾಲಯಗಳ ಉತ್ತರ ಒಂದೇ ತೆರನಾಗಿಲ್ಲ. ಆಸ್ಟ್ರೋಸೈಟುಗಳ ಊತವನ್ನು ಬಹಳ ಮಂದಿ ಕಂಡಿದ್ದಾರೆ. ಮೈಕ್ರೋಗ್ಲಿಯಾ ಕೆಲವು ಪ್ರಯೋಗಗಳಲ್ಲಿ ಮೊದಲ ದಿನಗಳಲ್ಲೇ ಕೆರಳುತ್ತವೆ, ಕೆಲವದರಲ್ಲಿ ಏನೂ ಆಗದಂತೆ ಸುಮ್ಮನಿರುತ್ತವೆ. ಪ್ರಾಣಿ ಯಾವುದು, ಕ್ಯಾನ್ಸರ್ ಕೋಶ ಯಾವುದು, ನೋಡಿದ್ದು ಎಷ್ಟನೆಯ ದಿನ ಎಂಬುದರ ಮೇಲೆ ಚಿತ್ರ ಬದಲಾಗುತ್ತದೆ.

ಮೂಳೆ ಕ್ಯಾನ್ಸರಿನ ನೋವು ಯಾವ ಜಾತಿಗೆ ಸೇರಿದ್ದು ಎಂಬ ಪ್ರಶ್ನೆಗೆ 2000ದಲ್ಲಿ ಮಿನ್ನೆಸೋಟದ ಅದೇ ತಂಡ ಒಂದು ಅಂದವಾದ ಹೋಲಿಕೆ ಮಾಡಿತು. ಒಂದು ಗುಂಪಿನ ಚಿಟ್ಟಿಲಿಗಳಿಗೆ ಪಾದದಲ್ಲಿ ಉರಿಯೂತ, ಇನ್ನೊಂದಕ್ಕೆ ನರಕ್ಕೆ ಪೆಟ್ಟು, ಮೂರನೆಯದಕ್ಕೆ ಮೂಳೆಯಲ್ಲಿ ಕ್ಯಾನ್ಸರ್. ಉರಿಯೂತವಿದ್ದವುಗಳ ಬೆನ್ನುಹುರಿಯಲ್ಲಿ ನೋವಿನ ದೂತನಾದ ಸಬ್‌ಸ್ಟೆನ್ಸ್-ಪಿ ಹೆಚ್ಚಿತ್ತು. ನರಕ್ಕೆ ಪೆಟ್ಟಾದವುಗಳಲ್ಲಿ ಅದೇ ದೂತ ಕಡಿಮೆಯಾಗಿ ಬೇರೆ ರಾಸಾಯನಿಕಗಳು ಏರಿದ್ದವು. ಕ್ಯಾನ್ಸರ್ ಇದ್ದವುಗಳಲ್ಲಿ ಈ ಎರಡೂ ಇಲ್ಲ. ಅಲ್ಲಿ ಕಂಡದ್ದು ಆಸ್ಟ್ರೋಸೈಟುಗಳ ಭಾರೀ ಊತ, ಜೊತೆಗೆ ಡೈನಾರ್ಫಿನ್ ಎಂಬ ಪೆಪ್ಟೈಡಿನ ಏರಿಕೆ. ಮೂರು ನೋವಿಗೆ ಮೂರು ಬೇರೆ ಬೇರೆ ಹೆಜ್ಜೆಗುರುತು. ಎಲ್ಲ ನೋವಿಗೂ ಒಂದೇ ಗುಳಿಗೆ ಎಂಬ ರೂಢಿ ಎಷ್ಟು ಒರಟು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. 2002ರಲ್ಲಿ ಅವರೇ ಇನ್ನೊಂದು ಸಂಗತಿ ತಿಳಿಸಿದರು. ಚಿಟ್ಟಿಲಿಗಳಲ್ಲಿ ಹೊರನೋಟಕ್ಕೆ ಅಷ್ಟೇ ತೀವ್ರವಾದ ಉರಿಯೂತದ ನೋವನ್ನು ತಣಿಸಲು ಬೇಕಾದ ಮಾರ್ಫಿನ್‌ನ ಹತ್ತು ಪಟ್ಟು, ಮೂಳೆ ಕ್ಯಾನ್ಸರಿನ ನೋವನ್ನು ತಣಿಸಲು ಬೇಕಾಗಿತ್ತು.

ಮಾರ್ಫಿನ್ ಸಾಲುತ್ತಿಲ್ಲ, ಇನ್ನೂ ಬೇಕು ಎಂದು ರೋಗಿ ಅಂದಾಗ ವಾರ್ಡಿನಲ್ಲಿ ಯಾರಾದರೂ ಚಟ ಹತ್ತಿತೇನೋ ಎಂದು ಅನುಮಾನಿಸುವುದುಂಟು. ಆ ಚಿಟ್ಟಿಲಿಗಳಿಗೆ ಚಟವಿರಲಿಲ್ಲ. ಬದಲಾದದ್ದು ಅವುಗಳ ಬೆನ್ನುಹುರಿ.

ಬೆನ್ನುಹುರಿಯೆಂಬ ಎರಡನೆಯ ಮನೆಯನ್ನು ಖಾಲಿ ಮಾಡಿಸಲು ಮೂಳೆಯೆಂಬ ಮೊದಲ ಮನೆಯಿಂದ ಬರುವ ಪೂರೈಕೆ ತಡೆದರೆ ಸಾಕೇ? ಬಹುಮಟ್ಟಿಗೆ ಹೌದು ಎನ್ನುತ್ತವೆ ಈವರೆಗಿನ ಅನುಭವಗಳು. 2000ದಲ್ಲಿ ಆಸ್ಟಿಯೋಕ್ಲಾಸ್ಟುಗಳ ಬಾಯಿಗೆ ಬೀಗ ಹಾಕುವ ಆಸ್ಟಿಯೋಪ್ರೊಟೆಜರಿನ್ ಎಂಬ ಪ್ರೋಟೀನನ್ನು ಕ್ಯಾನ್ಸರ್ ಇದ್ದ ಚಿಟ್ಟಿಲಿಗಳಿಗೆ ಕೊಟ್ಟಾಗ, ಮೂಳೆಯ ಸವೆತ ನಿಂತಿತು, ನೋವಿನ ಲಕ್ಷಣ ತಗ್ಗಿತು, ಬೆನ್ನುಹುರಿಯಲ್ಲಿ ಆಗಬೇಕಿದ್ದ ಬದಲಾವಣೆಗಳೂ ತಗ್ಗಿದವು. ರ‍್ಯಾಂಕ್‌-ಎಲ್ ಸಂಕೇತವನ್ನು ಹೀಗೆಯೇ ತಡೆಯುವ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದಿಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಬಂದ ಜೋಲೆಡ್ರೋನಿಕ್ ಆಮ್ಲವನ್ನು ನಮ್ಮ ಆಸ್ಪತ್ರೆಗಳಲ್ಲೂ ಕೊಡುತ್ತಾರೆ. ಇವು ಮೂಳೆ ಮುರಿಯುವುದನ್ನು, ನೋವು ಉಲ್ಬಣಿಸುವುದನ್ನು ಮುಂದೂಡುತ್ತವೆ. ಆದರೆ ಇವತ್ತು ಕೊಟ್ಟರೆ ಇವತ್ತೇ ನೋವು ಇಳಿಸುವ ಮದ್ದುಗಳಲ್ಲ.

ನೋವಿಗೆ ನೇರವಾಗಿ ನೆರವಾಗುವುದು ವಿಕಿರಣ ಚಿಕಿತ್ಸೆ, ಆಸ್ಪತ್ರೆಯ ಮಾತಿನಲ್ಲಿ ಕರೆಂಟ್ ಕೊಡುವುದು. ವಾರಗಟ್ಟಲೆ ದಿನವೂ ಅಲೆಯಬೇಕೆಂಬ ಭಯ ಬಹಳ ಮಂದಿಯಲ್ಲಿದೆ. ಮೂಳೆನೋವಿಗೆ ಹಾಗಿಲ್ಲ. 8 ಗ್ರೇ ಪ್ರಮಾಣದ ಒಂದೇ ಒಂದು ಸಲದ ಚಿಕಿತ್ಸೆಯಿಂದ ಹತ್ತರಲ್ಲಿ ಸುಮಾರು ಆರು ಮಂದಿಗೆ ನೋವು ತಗ್ಗುತ್ತದೆ, ಹಲವು ದಿನಗಳಿಗೆ ಹಂಚಿ ಕೊಟ್ಟರೂ ಈ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಒಂದೇ ಸಲ ಪಡೆದವರಲ್ಲಿ ಮುಂದೆ ಮತ್ತೊಮ್ಮೆ ಬೇಕಾಗುವವರು ಹೆಚ್ಚು, ಅಷ್ಟು ವ್ಯತ್ಯಾಸ. ದೂರದ ಊರಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುವ ರೋಗಿಗೆ ಒಂದು ದಿನ ಮತ್ತು ಹತ್ತು ದಿನದ ನಡುವಿನ ಅಂತರ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೆಲವರಿಗೆ ಚಿಕಿತ್ಸೆಯಾದ ಮೊದಲ ದಿನಗಳಲ್ಲಿ ನೋವು ಕೆರಳುವುದುಂಟು. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟಾಗ ಹಾಗೆ ಕೆರಳುವವರ ಪ್ರಮಾಣ ಶೇಕಡಾ 35ರಿಂದ 26ಕ್ಕೆ ಇಳಿಯಿತು.

ಬೆನ್ನುಹುರಿಯ ಕೋಶಗಳನ್ನೇ ನೇರವಾಗಿ ಸಮಾಧಾನಪಡಿಸುವ ಪ್ರಯತ್ನಗಳ ಕಥೆ ಇಷ್ಟು ಸಲೀಸಲ್ಲ. ಮೊಡವೆಗೂ ಕೊಡುವ ಮಿನೋಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್ ಮೈಕ್ರೋಗ್ಲಿಯಾಗಳನ್ನು ಶಾಂತಗೊಳಿಸುತ್ತದೆ. ನರಕ್ಕೆ ಪೆಟ್ಟು ಬೀಳುವ ಮೊದಲೇ ಕೊಟ್ಟರೆ ಇಲಿಗಳಲ್ಲಿ ನೋವು ಹುಟ್ಟುವುದೇ ಕಷ್ಟ, ಬೇರೂರಿದ ಮೇಲೆ ಕೊಟ್ಟರೆ ಗುಣ ಕಾಣದು. ಆಸ್ಪತ್ರೆಗೆ ಬರುವ ಮನುಷ್ಯರು ನೋವು ಬೇರೂರಿದ ಮೇಲೆಯೇ ಬರುವವರು. ಗ್ಲಿಯಾಗಳನ್ನು ಗುರಿಯಾಗಿಸಿದ ಪ್ರೊಪೆಂಟೋಫಿಲಿನ್ ಎಂಬ ಔಷಧ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ, ಸರ್ಪಸುತ್ತಿನ ನಂತರ ಉಳಿಯುವ ನೋವಿನ ರೋಗಿಗಳಲ್ಲಿ ಸೋತಿತು. ಗಾಬಾಪೆಂಟಿನ್ ಎಂಬ ಔಷಧ ಕ್ಯಾನ್ಸರ್ ಇದ್ದ ಇಲಿಗಳ ಬೆನ್ನುಹುರಿಯ ಅತಿ ಚುರುಕನ್ನು ತಗ್ಗಿಸಿತ್ತು. ಅದರ ಸೋದರನಾದ ಪ್ರೀಗಾಬಾಲಿನನ್ನು ಬ್ರಿಟನ್ನಿನಲ್ಲಿ ಮೂಳೆನೋವಿಗಾಗಿ ವಿಕಿರಣ ಪಡೆಯುತ್ತಿದ್ದ 233 ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ನಿರಾಶೆಯದು. ಸಕ್ಕರೆ ಮಾತ್ರೆಗಿಂತ ಅದು ಮೇಲೆನಿಸಲಿಲ್ಲ.

ಯಾಕೆ ಹೀಗೆ? ಇಲಿಗೆ ಮೂರು ವಾರದಲ್ಲಿ ಆಗುವುದು ಮನುಷ್ಯನಿಗೆ ತಿಂಗಳು, ವರ್ಷಗಳಲ್ಲಿ ಆಗುತ್ತದೆ. ಜೊತೆಗೆ ಕೀಮೋ, ಮುಪ್ಪು, ಸಕ್ಕರೆ ಕಾಯಿಲೆ ಸೇರಿಕೊಂಡಿರುತ್ತವೆ. 2015ರಲ್ಲಿ ಹೊರಬಂದ ಇನ್ನೊಂದು ಕಾರಣ ಇಡೀ ಕ್ಷೇತ್ರವನ್ನೇ ಅಲುಗಿಸಿತು. ಕೆನಡಾದ ಜೆಫ್ರಿ ಮೊಗಿಲ್ ಮತ್ತು ಅಮೆರಿಕದ ರಾಬರ್ಟ್ ಸಾರ್ಜ್ ನೇತೃತ್ವದ ತಂಡ, ನರಕ್ಕೆ ಪೆಟ್ಟಾದ ಗಂಡು ಚಿಟ್ಟಿಲಿಗಳಲ್ಲಿ ಮೈಕ್ರೋಗ್ಲಿಯಾ ನೋವನ್ನು ಉಳಿಸಿದರೆ, ಹೆಣ್ಣು ಚಿಟ್ಟಿಲಿಗಳು ಅದೇ ನೋವಿಗೆ ರಕ್ಷಣಾ ವ್ಯವಸ್ಥೆಯ ಟಿ-ಕೋಶಗಳ ದಾರಿ ಹಿಡಿಯುತ್ತವೆ ಎಂದು ತೋರಿಸಿತು. ನೋವಿನ ಸಂಶೋಧನೆಗೆ ದಶಕಗಳ ಕಾಲ ಹೆಚ್ಚಾಗಿ ಗಂಡು ಪ್ರಾಣಿಗಳನ್ನೇ ಬಳಸಿದ್ದರು. ಸ್ತನ ಕ್ಯಾನ್ಸರ್ ಮೂಳೆಗಿಳಿದ ಮಹಿಳೆಯರ ನೋವಿಗೆ ಔಷಧ ಹುಡುಕುವಾಗ ಇದೆಂಥ ಕೊರತೆ!

ಬೇರೊಂದು ದಾರಿಯಿಂದ ಬಂದ ಸುದ್ದಿ ಹೆಚ್ಚು ಹುರುಪು ಕೊಡುತ್ತದೆ. ಮೊರಾಕ್ಕೋದಲ್ಲಿ ಬೆಳೆಯುವ ಒಂದು ಕಳ್ಳಿ, ನಮ್ಮ ಹೊಲದ ಬೇಲಿಯ ಎಲೆಗಳ್ಳಿ, ಬೊಂತೆಗಳ್ಳಿಗಳ ಕುಲಕ್ಕೇ ಸೇರಿದ್ದು. ಅದರ ಹಾಲಿನಲ್ಲಿ ರೆಸಿನಿಫೆರಾಟಾಕ್ಸಿನ್ ಎಂಬ ವಸ್ತುವಿದೆ. ಮೆಣಸಿನಕಾಯಿ ತೆರೆಯುವ ಟಿಆರ್‌ಪಿವಿ1 ಬಾಗಿಲನ್ನೇ ಅದೂ ತೆರೆಯುತ್ತದೆ, ಆದರೆ ಸಾವಿರಾರು ಪಟ್ಟು ಬಲವಾಗಿ. ಕ್ಯಾಲ್ಸಿಯಮ್ ನುಗ್ಗಿ ನೋವಿನ ತಂತು ಅಲ್ಲೇ ನಿಷ್ಕ್ರಿಯವಾಗುತ್ತದೆ. ಸ್ಪರ್ಶದ ತಂತು, ನಡಿಗೆಯ ತಂತುಗಳಲ್ಲಿ ಆ ಬಾಗಿಲಿಲ್ಲ, ಹಾಗಾಗಿ ಅವುಗಳಿಗೆ ಏನೂ ಆಗದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೈಕೆಲ್ ಇಯಾಡಾರೋಲಾ, ಆ್ಯಂಡ್ರೂ ಮ್ಯಾನೆಸ್ ಮತ್ತಿತರರು ಮೊದಲು ಇದನ್ನು ಮೂಳೆ ಕ್ಯಾನ್ಸರ್ ಬಂದ ಸಾಕುನಾಯಿಗಳ ಬೆನ್ನುಹುರಿಯ ದ್ರವಕ್ಕೆ ಕೊಟ್ಟು, 2005ರಲ್ಲಿ ಪ್ರಕಟಿಸಿದರು. ಕುಂಟುತ್ತಿದ್ದ ನಾಯಿಗಳು ಹಾಯಾಗಿ ಓಡಾಡತೊಡಗಿದ್ದವು. 2025ರಲ್ಲಿ ಮನುಷ್ಯರ ಫಲಿತಾಂಶ ಬಂತು. ಬೇರಾವುದಕ್ಕೂ ಬಗ್ಗದ ಕ್ಯಾನ್ಸರ್ ನೋವಿನಿಂದ ನರಳುತ್ತಿದ್ದ 19 ಮಂದಿಗೆ ಒಂದೇ ಒಂದು ಚುಚ್ಚುಮದ್ದು. ಅತಿ ಹೆಚ್ಚಿನ ನೋವು ಸರಾಸರಿ ಶೇಕಡಾ 38ರಷ್ಟು ಇಳಿಯಿತು, ಮಾರ್ಫಿನ್ ಜಾತಿಯ ಔಷಧಗಳ ಬಳಕೆ ಶೇಕಡಾ 57ರಷ್ಟು ತಗ್ಗಿತು. ಸಣ್ಣ ಅಧ್ಯಯನ, ಆದರೂ ಸಂಕೇತದ ತಂತಿಯನ್ನು ಬೆನ್ನುಹುರಿಯ ಹೊಸ್ತಿಲಲ್ಲೇ ಕಳಚಿದರೆ ಮನುಷ್ಯನಲ್ಲೂ ನೋವು ಇಳಿಯುತ್ತದೆಂದು ಅದು ತೋರಿಸಿದೆ.

ಇವೆಲ್ಲ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರಲು ಕಾಲ ಬೇಕು. ಈಗ ಕೈಯಲ್ಲಿರುವ ಮದ್ದು ಎಲ್ಲರ ಕೈಗೆ ತಲುಪಿಲ್ಲ ಎಂಬುದೇ ಹೆಚ್ಚು ನೋವಿನ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾದ ಔಷಧಕ್ರಮ ಕೊಟ್ಟು, ಬಾಯಲ್ಲಿ ನುಂಗುವ ಮಾರ್ಫಿನನ್ನು ಮೇಲಿನ ಮೆಟ್ಟಿಲಲ್ಲಿಟ್ಟಿತು. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶದ ಔಷಧ ಕಂಪನಿಗಳಿಗೂ ಕಳಿಸುವ ಭಾರತದಲ್ಲಿ, 1985ರ ಮಾದಕವಸ್ತು ಕಾಯ್ದೆಯ ಕಟ್ಟುಪಾಡಿಗೆ ಹೆದರಿ ಹಲವು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರಂಥವರ ಸುದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಆದರೂ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗದ 2017ರ ವರದಿ, ಅಗತ್ಯವಿದ್ದಷ್ಟರಲ್ಲಿ ಶೇಕಡಾ 4ರಷ್ಟು ನೋವಿನ ಔಷಧ ಮಾತ್ರ ಭಾರತದ ರೋಗಿಗಳಿಗೆ ದೊರೆಯುತ್ತಿದೆ ಎಂದು ಲೆಕ್ಕ ಹಾಕಿತು.

ಬೆನ್ನುಹುರಿಯ ವಿಜ್ಞಾನದ ಬೆಳಕಿನಲ್ಲಿ ಈ ಅಂಕಿ ಇನ್ನಷ್ಟು ಚುಚ್ಚುತ್ತದೆ. ನೋವನ್ನು ತಡೆದುಕೊಂಡಷ್ಟು ದಿನವೂ ಸಂಕೇತಗಳು ಬೆನ್ನುಹುರಿಗೆ ಬಡಿಯುತ್ತಲೇ ಇರುತ್ತವೆ. ಇನ್ನೂ ತಡೆಯಬಹುದು, ಮಾರ್ಫಿನ್ ಕೊನೆಗಾಲಕ್ಕಿರಲಿ ಎಂದು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಬೇರೂರಿದ ನೋವನ್ನು ಕೀಳುವುದು ಕಷ್ಟವೆಂದು ಇಲಿಗಳೇ ತೋರಿಸಿಕೊಟ್ಟಿರುವಾಗ, ಕಾಯುವುದರಿಂದ ರೋಗಿಗೆ ಸಿಗುವುದೇನೂ ಇಲ್ಲ. ಇನ್ನೊಂದು ಸಂಗತಿಯಲ್ಲಂತೂ ಕಾಯಲೇಬಾರದು. ಕ್ಯಾನ್ಸರ್ ಇರುವವರಿಗೆ ಹೊಸದಾಗಿ ಬೆನ್ನುನೋವು ಬಂದು, ಮಲಗಿದಾಗ ಅದು ಹೆಚ್ಚಾಗಿ, ಕಾಲು ಸೋತು, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಗಡ್ಡೆ ಬೆನ್ನುಹುರಿಯನ್ನೇ ಒತ್ತುತ್ತಿರಬಹುದು. ಅದೇ ದಿನ ಆಸ್ಪತ್ರೆ ಸೇರಿದರೆ ನಡೆಯುವ ಶಕ್ತಿ ಉಳಿಯುವ ಅವಕಾಶವಿದೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನೋವು ಹೊತ್ತು ಬರುವವರಲ್ಲಿ ಮೂಳೆಗೆ ಹರಡಿದ ಮೇಲೆ ಬರುವವರೂ ಇದ್ದಾರೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ, 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನದು. ಇಂಥ ಉಪಶಾಮಕ ಆರೈಕೆಯಲ್ಲಿ ಒಂದು ಸರಳ ಕ್ರಮವಿದೆ. ರೋಗಿಗೆ ಸ್ನಾನ ಮಾಡಿಸಬೇಕು, ಹಾಸಿಗೆ ಬದಲಿಸಬೇಕು ಎಂದಿದ್ದರೆ ಅದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಬೇಗ ಕೆಲಸ ಮಾಡುವ ಮಾರ್ಫಿನ್ ಕೊಟ್ಟಿರುತ್ತಾರೆ. ಅಲುಗಿದಾಗ ಮೂಳೆಯಿಂದ ಹೊರಡುವ ಸಂಕೇತ ಬೆನ್ನುಹುರಿ ತಲುಪುವ ವೇಳೆಗೆ ಮದ್ದು ಅಲ್ಲಿ ಮೊದಲೇ ಬಂದು ಕೂತಿರುತ್ತದೆ. ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಆದ ಮೇಲೆ ನರ್ಸ್ ಬಿಸಿನೀರಿನ ಬಕೆಟ್ ಹಿಡಿದು ಒಳಗೆ ಬರುತ್ತಾರೆ.